ಟೆಸ್ಟರ್ ಕಾಕಾ

ಬಾಗಲಕೋಟೆಯ ವಿದ್ಯಾಗಿರಿಯ ಯಾವ ಅಡ್ಡರಸ್ತೆಗೆ ಹೋದರೂ ಒಬ್ಬ ಟೆಸ್ಟರ್ ಕಾಕಾ ಸಿಗುತ್ತಾರೆ. ಉಳಿದವರ ಕಿಸೆಯಲ್ಲಿ ಪೆನ್ನು ಇರುವ ಜಾಗದಲ್ಲಿ ಇವರದು ಟೆಸ್ಟರ್. ನೌಕರಿಯಿಂದ ನಿವೃತ್ತರು, ಸಂಶಯದಿಂದ ಅಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟು ಬರುವಾಗ ಮಂದಿ ಬಾಗಿಲು, ತೊಲೆ ಹೊತ್ತು ತಂದರೆ ನಮ್ಮ ಕಾಕಾ ಎದೆಗವಚಿಕೊಂಡು ತಂದದ್ದು ಸೀರೀಸ್ ಬೋರ್ಡು: ಒಂದು ಹಲಗೆ, ಎರಡು ಕ್ಲಿಪ್ಪು, ಈಗ ಅಂಗಡಿಯಲ್ಲಿ ಹುಡುಕಬೇಕಾದ 100 ವ್ಯಾಟಿನ ತಂತಿ ಬಲ್ಬು.

ಓಣಿಯಲ್ಲಿ ಏಣಿ ಕಂಡರೆ ಸಾಕು, ಹಾಜರು. ಹುಡುಗ ಹೊಸ ತೂಗುದೀಪ ಹಿಡಿದು ಎರಡು ಮೆಟ್ಟಿಲು ಹತ್ತಿರುತ್ತಾನಷ್ಟೆ.

"ಇಳಿಯೋ ತಮ್ಮಾ. ಚೆಕ್ ಮಾಡೀಯೇನು?"

"ಹೊಸಾದೈತ್ರಿ ಕಾಕಾ. ಡಬ್ಬಿ ಮ್ಯಾಲ ಓಕೆ ಅಂತ ಚೀಟಿ ಹಚ್ಯಾರ."

"ಚೀಟಿಗೆ ಶಾಕ್ ಹೊಡಿಯಂಗಿಲ್ಲ, ನಿನಗ ಹೊಡಿತೈತಿ."

ದೀಪ ನೆಲಕ್ಕಿಳಿಯುತ್ತದೆ. ಕಾಕಾ ಚಪ್ಪಲಿ ಮೆಟ್ಟಿಕೊಂಡೇ ಮಣೆಯ ಮೇಲೆ ನಿಲ್ಲುತ್ತಾರೆ. ಮೊದಲು ಕ್ಲಿಪ್ಪು, ಆಮೇಲೆ ಪ್ಲಗ್ಗು. ಸ್ವಿಚ್ಚು ಒತ್ತುವಾಗ ಎಡಗೈ ಬೆನ್ನ ಹಿಂದೆ. ಹಲಗೆಯ ಬಲ್ಬು ಝಗ್ಗನೆ ಪೂರ್ತಿ ಉರಿದರೆ ದೀಪದೊಳಗೆ ಶಾರ್ಟು. ಎರಡೂ ಕಪ್ಪಗಿದ್ದರೆ ಎಲ್ಲೋ ತಂತಿ ತುಂಡು. ದೀಪದ ಎಲ್‌ಇಡಿ ಬೆಳಗಿ ಬಲ್ಬು ಸುಮ್ಮನಿದ್ದರೆ ಪಾಸು. ಮುಗಿಯಿತೆಂದು ಹುಡುಗ ಕೈಚಾಚಿದರೆ, ಪ್ಲಗ್ಗು ಕಿತ್ತು ಒಂದು ಕ್ಲಿಪ್ಪನ್ನು ದೀಪದ ಲೋಹದ ಮೈಗೆ ಕಚ್ಚಿಸಿ ಮತ್ತೆ ಶುರು. ಒಳಗಿನ ತಂತಿ ಮೈಗೆ ತಾಗಿದ್ದರೆ ಬಲ್ಬು ಹತ್ತುತ್ತದೆ. "ಸಣ್ಣ ಲೀಕೇಜ್ ಇದರಾಗ ಕಾಣಂಗಿಲ್ಲ. ಅದಕ್ಕ ಮೆಗ್ಗರ್ ಬೇಕು" ಎನ್ನುವಾಗ ಅವರ ದನಿ ಕಾಶಿಗೆ ಹೋಗಲಾಗದವರ ದನಿಯಂತೆ ಮೆತ್ತಗಾಗುತ್ತದೆ.

ಇನ್ನು ಛತ್ತಿನಿಂದ ಇಳಿಬಿದ್ದ ತಂತಿಗಳ ಸರದಿ. ಟೆಸ್ಟರನ್ನು ಮೊದಲು ಕರೆಂಟಿರುವ ಪ್ಲಗ್ಗಿನಲ್ಲಿ ನೋಡಿ, ಮೇನ್ ಆಫ್ ಮಾಡಿ, ತಂತಿಗೆ ಮುಟ್ಟಿಸಬೇಕು. ಟೆಸ್ಟರೇ ಸತ್ತಿದ್ದರೂ ಹತ್ತುವುದಿಲ್ಲವಲ್ಲ! ಹಾಗಾಗಿ ಅದಿನ್ನೂ ಜೀವಂತವಿದೆಯೇ ಎಂದು ನೋಡಲು ಕಾಕಾ ಪಕ್ಕದ ಮನೆಯ ಪ್ಲಗ್ಗಿಗೆ ಹೋಗುತ್ತಾರೆ. ಅಲ್ಲಿ ಚಹಾ ಆಗುತ್ತದೆ. ಹುಡುಗ ಏಣಿಯ ಮೇಲೆಯೇ.

ಮಾಳಿಗೆ ಮೇಲೆ ಬಾಡಿಗೆಗಿರುವ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನೂ ಬಿಡುವುದಿಲ್ಲ. ಫೇಸ್ ಯಾವುದು, ನ್ಯೂಟ್ರಲ್ ಯಾವುದು ಎಂದು ಕೇಳಿದ್ದಕ್ಕೆ ಅವನು, "ನಂದು ಕಂಪ್ಯೂಟರ್ ಸೈನ್ಸ್ ರೀ ಕಾಕಾ" ಎಂದ.

"ಕರೆಂಟು ಬ್ರಾಂಚ್ ಕೇಳಿ ಹೊಡಿತೈತೇನೋ ತಮ್ಮಾ?"

ನಮಗೆಲ್ಲ ಇವರೆಂದರೆ ಬೇಸರ. ಹೇಳುವುದರಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ ಎಂಬುದು ಇನ್ನೂ ದೊಡ್ಡ ಬೇಸರ.

ಮೊನ್ನೆ ರಾತ್ರಿ ಹನ್ನೊಂದಕ್ಕೆ, ಎದುರು ಮನೆಯ ಕಿಟಕಿಯಲ್ಲಿ ಆರಿಸಿದ ಎಲ್‌ಇಡಿಯೊಂದು ಮಿಣಮಿಣ ಎನ್ನುವುದು ಕಾಕಾರ ಕಣ್ಣಿಗೆ ಬಿತ್ತು. ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ಲಿಗೆ ಕೂತಿದ್ದರೆ ಹೀಗಾಗುವುದುಂಟು. ಆಗ ಆಫ್ ಮಾಡಿದರೂ ಹೋಲ್ಡರಿನಲ್ಲಿ 230 ವೋಲ್ಟ್ ಕಾದೇ ಇರುತ್ತದೆ. ಮಲಗಿದವರನ್ನು ಎಬ್ಬಿಸಲೇಬೇಕಾಯಿತು. ಆದರೆ ಕಾಲಿಂಗ್ ಬೆಲ್ ಮುಟ್ಟಲಿಲ್ಲ. ಅದರ ವೈರಿಂಗ್ ಯಾರು ಮಾಡಿದ್ದಾರೋ ಏನೋ ಎಂದು ಬಾಗಿಲನ್ನೇ ಬಡಿದರು.