ತರಗತಿ ಮೀನು ತೊಟ್ಟಿ: ಬಳಕೆದಾರರ ಕೈಪಿಡಿ (ರಾಯದುರ್ಗ–ಮಡಕಶಿರಾ ಆವೃತ್ತಿ)

ಗಡಿನಾಡಿನ ನಿಮ್ಮ ಕನ್ನಡ ಶಾಲೆಗೆ ಗಾಜಿನ ತೊಟ್ಟಿ ಬಂದಿರುವುದಕ್ಕೆ ಅಭಿನಂದನೆಗಳು. ಮಕ್ಕಳಿಗೆ ಸಂರಕ್ಷಣೆಯ ಪಾಠ ಹೇಳುವ ಈ ಉಪಕರಣದ ಮೂಲ ಮಾದರಿ ಅಮೆರಿಕದ್ದು. ಅಲ್ಲಿನ ಶಾಲೆಗಳು ಟ್ರೌಟ್ ಮೀನಿನ ಮೊಟ್ಟೆ ತರಿಸಿ, ಯಂತ್ರದಿಂದ ತಂಪು ಮಾಡಿದ ನೀರಿನಲ್ಲಿ ಮರಿ ಮಾಡಿಸಿ, ವಸಂತ ಬಂದಾಗ ಊರ ಹೊಳೆಗೆ ಬಿಟ್ಟು ಬರುತ್ತವೆ. ನಮ್ಮಲ್ಲಿ ವಸಂತವೆಂದರೆ ನಲವತ್ತು ಡಿಗ್ರಿ ಬಿಸಿಲು, ಹೊಳೆಯೆಂದರೆ ಮರಳು. ಆದಕಾರಣ ಕೆಳಗಿನ ತಿದ್ದುಪಡಿಗಳು.

ಸ್ಥಾಪನೆ

ತೊಟ್ಟಿಯನ್ನು ಬಿಸಿಲು ಬೀಳದ ಗೋಡೆಯ ಪಕ್ಕ ಇಡಿ. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಒಮ್ಮೆ ಇಟ್ಟ ಮೇಲೆ ಕದಲಿಸಬೇಡಿ. ರಾಯದುರ್ಗ 1953ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರದ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕೂತ ಜಾಗದಲ್ಲೇ ಕೂತು ವಿಳಾಸ ಬದಲಾಯಿಸುವುದು ಮನುಷ್ಯರಿಗೆ ಅಭ್ಯಾಸವಾಗಿದೆ, ಮೀನಿಗಿಲ್ಲ.

ಹಂತ 1: ನೀರು

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 56 ಲೀಟರ್ ಹಿಡಿಯುತ್ತದೆ, ಅಂದರೆ ನಾಲ್ಕು ಬಿಂದಿಗೆ. ಊರಿನಲ್ಲಿ ನೀರು ಬಿಡುವ ದಿನ ಯಾವುದೆಂದು ಮೊದಲು ವಿಚಾರಿಸಿ. ನಲ್ಲಿ ನೀರಾದರೆ ಒಂದು ದಿನ ಬಾಯಿ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ. ಬೋರ್‌ವೆಲ್ ನೀರಾದರೆ ಚೊಂಬಿನಿಂದ ಎತ್ತಿ ಹೊಯ್ದು ಗಾಳಿ ಕೂಡಿಸಿ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರೆ ಸಾಕು. ತೆಗೆದ ನೀರನ್ನು ಅಂಗಳದ ನುಗ್ಗೆ ಗಿಡಕ್ಕೆ ಹಾಕಿ. ಮೀನಿನ ಗಲೀಜು ಗಿಡಕ್ಕೆ ಗೊಬ್ಬರ.

ಹಂತ 2: ಮೀನಿನ ಆಯ್ಕೆ

ಗ್ಯಾಂಬೂಸಿಯಾ: ಪುಕ್ಕಟೆ ಸಿಗುತ್ತದೆ. ಸೊಳ್ಳೆ ಮರಿ ತಿನ್ನಲೆಂದು 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದ ಅಮೆರಿಕದ ಮೀನು. ಸೊಳ್ಳೆ ಮರಿಯ ಜೊತೆಗೆ ನಮ್ಮ ಮೀನುಗಳ ಮೊಟ್ಟೆಯನ್ನೂ ತಿನ್ನುತ್ತದೆ.

ಜಿಲೇಬಿ ಮೀನು, ಅಂದರೆ ತಿಲಾಪಿಯಾ: 1952ರಲ್ಲಿ ಬಂದ ಆಫ್ರಿಕಾದ ಅತಿಥಿ, ಇನ್ನೂ ಹೊರಟಿಲ್ಲ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇವೆರಡಕ್ಕೂ ಜಾಗವಿದೆ. ಸಂರಕ್ಷಣೆಯ ಪಾಠಕ್ಕೆ ಇವನ್ನು ತರುವುದು ಬೇಲಿಯನ್ನೇ ಹೊಲಕ್ಕೆ ಬಿತ್ತಿದಂತೆ.

ಕೊರವ ಮೀನು: ಇದೇ ನಮ್ಮ ಶಿಫಾರಸು. ಕೆರೆ ಬತ್ತಿದಾಗ ಕೆಸರಿನೊಳಗೆ ಹೂತುಕೊಂಡು ಮಳೆಗಾಗಿ ಕಾಯುವ ಜಾತಿ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಸೀಮೆಗೆ ಹೇಳಿ ಮಾಡಿಸಿದ್ದು. ಆಗಾಗ ಮೇಲೆ ಬಂದು, ಮೂತಿ ಹೊರಗಿಟ್ಟು, ಒಂದು ಗುಟುಕು ಗಾಳಿ ನುಂಗಿ ಕೆಳಗಿಳಿಯುತ್ತದೆ. ಕರೆಂಟು ಹೋಗಿ ಪಂಪು ನಿಂತರೂ ಇದಕ್ಕೆ ಚಿಂತೆಯಿಲ್ಲ. ಆದರೆ ಮೇಲೆ ಬರಲು ಬಿಡದಿದ್ದರೆ ಮೀನಾಗಿಯೂ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಹಾಗಾಗಿ ತೊಟ್ಟಿಯನ್ನು ಕಂಠಮಟ್ಟ ತುಂಬಬೇಡಿ. ಎಗರುವ ಚಟವೂ ಇದೆ. ಜಾಲರಿ ಮುಚ್ಚಿ ಮೇಲೊಂದು ಕಲ್ಲಿಡಿ. ಒಂದು ತೊಟ್ಟಿಗೆ ಒಂದೇ ಮರಿ. ಎರಡು ಬಿಟ್ಟರೆ ಕೆಲವು ದಿನಗಳಲ್ಲಿ ಒಂದೇ ಉಳಿದಿರುತ್ತದೆ, ಸ್ವಲ್ಪ ದಪ್ಪಗೆ.

ಹಂತ 3: ಆಹಾರ

ಸೊಳ್ಳೆ ಮರಿ, ಎರೆಹುಳ. ಮೊದಲನೆಯದು ಶಾಲೆಯ ಸಿಮೆಂಟು ತೊಟ್ಟಿಯಲ್ಲೇ ಸಿಗುತ್ತದೆ, ಟೆಂಡರು ಕರೆಯಬೇಕಿಲ್ಲ. ಬಿಸಿಯೂಟದ ಅನ್ನ, ಮನೆಯಿಂದ ತಂದ ರಾಗಿಮುದ್ದೆಯ ಚೂರು ಹಾಕಲು ಮಕ್ಕಳು ಸಾಲುಗಟ್ಟುತ್ತಾರೆ, ತಡೆಯಿರಿ. ಉಳಿದ ಅನ್ನ ಕೊಳೆತು ಅಮೋನಿಯ ಆಗುತ್ತದೆ. ಅದನ್ನು ಅರಗಿಸುವ ಬ್ಯಾಕ್ಟೀರಿಯ ತೊಟ್ಟಿಯಲ್ಲಿ ನೆಲೆಗೊಳ್ಳಲು ಕೆಲವು ವಾರ ಬೇಕು. ತೊಟ್ಟಿಯ ಮೀನು ಹಸಿವಿನಿಂದ ಸಾಯುವುದಕ್ಕಿಂತ ಪ್ರೀತಿಯಿಂದ ಸಾಯುವುದೇ ಹೆಚ್ಚು.

ಹಂತ 4: ದಾಖಲೆ

ಬೆಂಚು, ಬೀರು, ಗೋಳದ ಜೊತೆಗೆ ಮೀನನ್ನೂ ಡೆಡ್ ಸ್ಟಾಕ್ ರಿಜಿಸ್ಟರಿಗೆ ಏರಿಸಬೇಕಾದೀತು. ಜೀವಂತವಿರುವಾಗಲೇ ಏರಿಸಿಬಿಡಿ; ಆಮೇಲೆ ತಿದ್ದುವ ತಾಪತ್ರಯವಿಲ್ಲ. ಬೇಸಿಗೆ ರಜೆಯಲ್ಲಿ ಮೀನು ಯಾರ ಮನೆಯಲ್ಲಿರಬೇಕೆಂದು ಚೀಟಿ ಎತ್ತಿ. ಅವರ ಮನೆಯಲ್ಲಿ ಮೀನು ಸಾರು ಮಾಡುತ್ತಾರೆಯೇ ಎಂದು ಚೀಟಿ ಎತ್ತುವ ಮೊದಲೇ ಕೇಳಿಕೊಳ್ಳಿ.

ಹಂತ 5: ಬಿಡುಗಡೆ

ಅಮೆರಿಕದ ಕೈಪಿಡಿಯಲ್ಲಿ ಇದು ಅತ್ಯಂತ ಸುಲಭದ ಹಂತ. ಇಲ್ಲಿ ಅಸಲಿ ಪಾಠ ಶುರುವಾಗುವುದೇ ಈಗ: ಎಲ್ಲಿಗೆ ಬಿಡುವುದು?

ರಾಯದುರ್ಗದ ಶಾಲೆಗೆ ವೇದಾವತಿ ಇದೆ, ಭೈರವಾನಿತಿಪ್ಪ ಜಲಾಶಯವಿದೆ. ಆದರೆ ಆ ನದಿಗೆ ಮೇಲೆ ಹಿರಿಯೂರಿನ ಬಳಿ 1907ರಲ್ಲೇ ವಾಣಿವಿಲಾಸ ಸಾಗರ ಕಟ್ಟಿ ಮುಗಿಸಲಾಗಿತ್ತು. ಅದು 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಆ ಕೋಡಿ ದಾಟಿ ಹನಿ ನೀರು ಬರಲಿಲ್ಲ. ಕೆಳಗಿನ ಮೀನುಗಳು ಏನು ಮಾಡಿದವೆಂದು ಮಕ್ಕಳು ಕೇಳಿದರೆ ಅದನ್ನು ಪಠ್ಯದ ಹೊರಗಿನ ಪ್ರಶ್ನೆ ಎನ್ನಬೇಡಿ.

ಮಡಕಶಿರಾ, ಅಮರಾಪುರ, ಅಗಳಿಯ ಕಡೆ ಮಳೆಯನ್ನೇ ನಂಬಿದ ಕೆರೆಗಳು. ಬಿಡುಗಡೆಗೆ ಒಂದು ತಿಂಗಳು ಮೊದಲು ಮಕ್ಕಳನ್ನು ಕೆರೆಯ ಏರಿಯ ಮೇಲೆ ನಡೆಸಿ. ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ನೀರು ಬರುವ ಕಾಲುವೆ ಬಳ್ಳಾರಿ ಜಾಲಿಯೊಳಗೆ ಎಲ್ಲಿ ಕಾಣೆಯಾಗುತ್ತದೆ, ಯಾರ ಸೈಟಿನ ಕೆಳಗೆ ಮುಗಿಯುತ್ತದೆ ಎಂದು ನಕ್ಷೆ ಬರೆಸಿ. ಮೀನು ಉಳಿಸುವುದೆಂದರೆ ಈ ನಕ್ಷೆಯನ್ನು ಉಳಿಸುವುದು. ಗಾಜಿನ ತೊಟ್ಟಿ ಅದಕ್ಕೊಂದು ನೆಪ.

ದೋಷ ನಿವಾರಣೆ

ನೀರು ಬೆಳ್ಳಗಾಗಿದೆ: ಯಾರೋ ಅನ್ನ ಹಾಕಿದ್ದಾರೆ.
ಮೀನು ಕಾಣುತ್ತಿಲ್ಲ: ಕಲ್ಲು ಸರಿದಿದೆ. ಬೆಂಚಿನ ಕೆಳಗೆ ನೋಡಿ.
ಕೆರೆ ಕಾಣುತ್ತಿಲ್ಲ: ಹಳೆಯ ಕಂದಾಯ ನಕ್ಷೆ ನೋಡಿ.

ಖಾತರಿ

ತೊಟ್ಟಿ ಒಡೆದರೆ ಬದಲಿ ತೊಟ್ಟಿ ಕೊಡಲಾಗುವುದು. ಕೆರೆ ಬತ್ತಿದರೆ ಬದಲಿ ಕೆರೆ ಇಲ್ಲ. ಅದರ ದೂರನ್ನು ಮಕ್ಕಳ ಕೈಯಲ್ಲೇ ಬರೆಸಿ, ಎರಡು ಪ್ರತಿಯಲ್ಲಿ: ಕನ್ನಡದ್ದು ಮೇಷ್ಟ್ರು ಅಂಕ ಕೊಡುವುದಕ್ಕೆ, ತೆಲುಗಿನದ್ದು ಕಚೇರಿಯವರು ಓದುವುದಕ್ಕೆ.