ಗೌರವ ಸಂಪಾದಕರ ಪಾದಾರವಿಂದಗಳಿಗೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಬ್ರಹ್ಮಕಲಶೋತ್ಸವ, ಶಾಲೆಯ ಸುವರ್ಣ ಮಹೋತ್ಸವ, ಭಜನಾ ಮಂದಿರದ ಬೆಳ್ಳಿಹಬ್ಬ, ಸಹಕಾರಿ ಸಂಘದ ಶತಮಾನೋತ್ಸವ ಮೊದಲಾದ ಸುಸಂದರ್ಭಗಳಲ್ಲಿ ಸ್ಮರಣ ಸಂಚಿಕೆ ಹೊರತರುವ ಮಾನ್ಯ ಗೌರವ ಸಂಪಾದಕರು, ಪ್ರಧಾನ ಸಂಪಾದಕರು, ಕಾರ್ಯನಿರ್ವಾಹಕ ಸಂಪಾದಕರು ಹಾಗೂ ಸಂಪಾದಕ ಮಂಡಳಿಯ ಸರ್ವ ಸದಸ್ಯರಿಗೆ,

ಓದುಗನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ತಾವು ದಯಪಾಲಿಸಿದ ಸಂಚಿಕೆ ತಲುಪಿತು. ಆರ್ಟ್ ಪೇಪರು, ಬಹುವರ್ಣ ಮುದ್ರಣ, ಮೊಣಕಾಲಿನ ಮೇಲಿಟ್ಟರೆ ಕಾಲು ಜೋಮು ಹಿಡಿಯುವಷ್ಟು ತೂಕ. ಸಂಪಾದಕ ಮಂಡಳಿಯ ಭಾವಚಿತ್ರಗಳಿಗೇ ಎರಡು ಪುಟ ಮೀಸಲಿಟ್ಟದ್ದು ಕಂಡು ಧನ್ಯನಾದೆ. ಇಷ್ಟು ಮಂದಿ ಕೂಡಿ ಸಂಪಾದಿಸಿದ ಪುಸ್ತಕವನ್ನು ಒಬ್ಬರೂ ಓದದೆ ಅಚ್ಚಿಗೆ ಕಳಿಸಬೇಕಾದರೆ ಪರಸ್ಪರ ಎಂಥ ವಿಶ್ವಾಸ ಇರಬೇಕು! ಪ್ರಧಾನ ಸಂಪಾದಕರು ನೋಡಿದ್ದಾರೆ ಎಂದು ಗೌರವ ಸಂಪಾದಕರು ನಂಬಿದರು. ಡಿಟಿಪಿಯವರು ನೋಡಿಕೊಳ್ಳುತ್ತಾರೆ ಎಂದು ಪ್ರಧಾನ ಸಂಪಾದಕರು ನಂಬಿದರು. ಬರೆದವರೇ ಸರಿ ಮಾಡಿ ಕೊಟ್ಟಿರಬೇಕು ಎಂದು ಡಿಟಿಪಿಯವರು ನಂಬಿದರು. ಬರೆದವರೋ, ಸಂಪಾದಕ ಮಂಡಳಿ ಅಂತ ಒಂದು ಇದೆಯಲ್ಲ ಎಂದು ನೆಮ್ಮದಿಯಿಂದ ಮಲಗಿದರು. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿಯೂ ಇಷ್ಟು ನಂಬಿಕೆ ಈಗ ಉಳಿದಿಲ್ಲ ಸ್ವಾಮಿ.

ಮೊದಲ ಪುಟಗಳ ಶುಭ ಸಂದೇಶಗಳನ್ನು ಭಕ್ತಿಯಿಂದ ಓದಿದೆ. ಅವುಗಳಲ್ಲೊಂದು ನಮ್ಮ ದೇವಸ್ಥಾನಕ್ಕೆ ಶುಭ ಕೋರುವ ಬದಲು ಬೇರೆ ಯಾವುದೋ ಕ್ರೀಡಾ ಸಂಘದ ವಾರ್ಷಿಕೋತ್ಸವಕ್ಕೆ ಶುಭ ಕೋರಿತ್ತು. ದೇವರು ದೊಡ್ಡವನು, ತಪ್ಪು ತಿಳಿಯಲಾರ. ದಾನಿಗಳ ಪುಟದಲ್ಲಿ ಹಿರಿಯರೊಬ್ಬರ ಹೆಸರಿನ ಹಿಂದೆ ‘ಕೀರ್ತಿಶೇಷ’ ಎಂದು ಸೇರಿಸಿ ತಾವು ತೋರಿದ ಗೌರವವನ್ನಂತೂ ಮರೆಯಲಾಗದು. ಬಿಡುಗಡೆಯ ದಿನ ಅವರು ಎರಡನೇ ಸಾಲಿನಲ್ಲಿ ಕುಳಿತು ತಮ್ಮ ಮರಣವಾರ್ತೆಯನ್ನು ತಾವೇ ಓದುತ್ತಿದ್ದರು. ಊಟಕ್ಕೆ ಮಾತ್ರ ನಿಲ್ಲಲಿಲ್ಲ.

ಕಾಲಕ್ಕೆ ತಕ್ಕ ತಂತ್ರಜ್ಞಾನವನ್ನೂ ತಾವು ಬಿಟ್ಟಿಲ್ಲ. ಲೇಖನಗಳು ಈಗ ವಾಟ್ಸಾಪಿನಲ್ಲೇ ಬರುತ್ತವೆ. ಲೇಖಕರು ಮೊಬೈಲಿಗೆ ಬಾಯಿಯಲ್ಲಿ ಹೇಳುತ್ತಾರೆ, ಅದು ತನಗೆ ಕೇಳಿದ್ದನ್ನು ಬರೆದುಕೊಳ್ಳುತ್ತದೆ. ಅನ್ನಸಂತರ್ಪಣೆ ‘ಅನ್ನ ಸಂತ ಅರ್ಪಣೆ’ಯಾಗಿ, ನೇಮೋತ್ಸವ ‘ನೇಮಕೋತ್ಸವ’ವಾಗಿ ಪ್ರಕಟವಾದದ್ದು ಹೀಗೆ. ನೇಮಕ ಯಾವ ಹುದ್ದೆಗೆ ಎಂದು ನಮ್ಮ ಹುಡುಗರು ಕೇಳುತ್ತಿದ್ದಾರೆ. ಆಮೇಲೆ ಆ ಯೂನಿಕೋಡ್ ಬರಹವನ್ನು ಪೇಜ್‌ಮೇಕರಿಗೆ ಒಗ್ಗುವ ಹಳೆಯ ಫಾಂಟಿಗೆ ತಿರುಗಿಸುವಾಗ ಅರ್ಕಾವೊತ್ತುಗಳು ದಾರಿಯಲ್ಲೇ ಉದುರಿಹೋದವು. ಹೀಗಾಗಿ ನಮ್ಮ ಧರ್ಮದರ್ಶಿಗಳು ‘ಧಮದಶಿ’ಗಳಾದರು, ಅರ್ಚಕರು ‘ಅಚಕ’ರಾದರು. ಉದುರಿದ ಒತ್ತುಗಳನ್ನು ಹೆಕ್ಕಿ ಮತ್ತೆ ಜೋಡಿಸುವ ಕೆಲಸಕ್ಕೆ ಒಂದು ಹೆಸರಿತ್ತು. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಅದನ್ನು ‘ಪ್ರೂಫ್ ನೋಡುವುದು’ ಎನ್ನುತ್ತಿದ್ದರು. ಗ್ಯಾಲಿ ಪ್ರೂಫು, ಎರಡನೇ ಪ್ರೂಫು, ಪುಟ ಕಟ್ಟಿದ ಮೇಲೆ ಮತ್ತೊಂದು. ಒಬ್ಬರು ಹಸ್ತಪ್ರತಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕೆಂಪು ಶಾಯಿಯಲ್ಲಿ ತಿದ್ದುವುದು. ಇಂಥ ಶ್ರಮದಿಂದ ತಾವು ನಾಡನ್ನು ಬಿಡಿಸಿದ್ದೀರಿ. ದಿನಪತ್ರಿಕೆಗಳೇ ಕರಡು ತಿದ್ದುವವರ ಕುರ್ಚಿ ತೆಗೆದಿರುವಾಗ ತಮಗೊಬ್ಬರಿಗೇ ಯಾಕೆ ಕಷ್ಟ?

ಶಾಲೆಯ ಸಂಚಿಕೆಯೊಂದರ ಮುಖಪುಟದಲ್ಲೇ ‘ಹಳೆ ವಿಧ್ಯಾರ್ಥಿ ಸಂಘ’ ಎಂದು ದಪ್ಪಕ್ಷರದಲ್ಲಿ ಬಂದಿತ್ತು. ಪಂಜೆ ಮಂಗೇಶರಾಯರು ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ, 1874ರಲ್ಲಿ. ಶಾಲೆಗಳ ತಪಾಸಣೆ ಮಾಡುವ ಕೆಲಸದಲ್ಲಿ ಇದ್ದವರು. ಪುಣ್ಯಕ್ಕೆ ಈಗ ತಪಾಸಣೆಗೆ ಬರುವುದಿಲ್ಲ.

ಇಷ್ಟೆಲ್ಲ ಬರಿಯ ಕಾಗುಣಿತದ ಮಾತು, ದೊಡ್ಡದು ಮಾಡಬಾರದು ಎಂದು ತಾವು ಅಪ್ಪಣೆ ಕೊಡಿಸಬಹುದು. ಒಪ್ಪಿದೆ. ಆದರೆ ತಮ್ಮ ಸಂಚಿಕೆಯ ಇತಿಹಾಸ ವಿಭಾಗದಲ್ಲಿ ನಡೆದ ಪವಾಡವನ್ನು ಸ್ಮರಿಸದೆ ಮುಂದೆ ಹೋಗಲು ನನ್ನ ಮನಸ್ಸು ಒಪ್ಪುತ್ತಿಲ್ಲ. ವೇಣೂರಿನ ಗೊಮ್ಮಟನನ್ನು ತಿಮ್ಮಣ್ಣ ಅಜಿಲರು ನಿಲ್ಲಿಸಿದ್ದು 1604ರಲ್ಲಿ. ತಾವು ಅದನ್ನು 1406 ಮಾಡಿದಿರಿ. ಎರಡು ಅಂಕಿ ಜಾಗ ಬದಲಿಸಿದವು, ಅಷ್ಟೇ. ಆದರೆ ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ ನೋಡಿ! ತಮ್ಮ ಕೃಪೆಯಿಂದ ವೇಣೂರಿನ ತಮ್ಮ ಒಂದೇ ರಾತ್ರಿಯಲ್ಲಿ ಕಾರ್ಕಳದ ಅಣ್ಣನಿಗೇ ಅಣ್ಣನಾಗಿಬಿಟ್ಟ. ಅಜಿಲ ಅರಸರೋ ತಾವೇ ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಮೂರ್ತಿ ಕೆತ್ತಿಸಿದ ಪುಣ್ಯಕ್ಕೆ ಪಾತ್ರರಾದರು. ಇದನ್ನು ಯಾರೂ ನಂಬುವುದಿಲ್ಲ ಎಂದುಕೊಂಡಿದ್ದೆ. ಆದರೆ ಪಕ್ಕದ ಊರಿನ ಸಂಚಿಕೆಯಲ್ಲಿ ಅದೇ 1406 ಕಾಣಿಸಿಕೊಂಡಿತು, ಆಧಾರವೆಂದು ತಮ್ಮ ಸಂಚಿಕೆಯ ಹೆಸರಿನೊಂದಿಗೆ. ನಮ್ಮ ಊರುಗಳ ಬಗ್ಗೆ ಯಾವ ವಿಶ್ವವಿದ್ಯಾಲಯವೂ ಪುಸ್ತಕ ಬರೆಯುವುದಿಲ್ಲ ಮಾನ್ಯರೇ. ನಮ್ಮ ಬೀಡು, ಗುತ್ತು, ಗರಡಿ, ಕಟ್ಟೆ, ಕೆರೆಗಳ ಕಥೆಗೆ ಇರುವ ಅಚ್ಚಿನ ದಾಖಲೆ ತಮ್ಮ ಸಂಚಿಕೆ ಒಂದೇ. ತಾವು ಬರೆದದ್ದೇ ಶಾಸನ ಎಂದು ನಾನು ಹೇಳುವುದು ಹೊಗಳಿಕೆಗಲ್ಲ, ಹೆದರಿ.

ಗುತ್ತು ಎಂದಾಗ ನೆನಪಾಯಿತು. ಊರಿನ ನಾಲ್ಕು ಗುತ್ತುಗಳ ಪಟ್ಟಿಯಲ್ಲಿ ಮೂರನ್ನೇ ಮುದ್ರಿಸಿ ತಾವು ಕಾಗದ ಉಳಿಸಿದಿರಿ. ಬಿಟ್ಟುಹೋದ ಮನೆಯ ಯಜಮಾನರು ಅಂದಿನಿಂದ ಉತ್ಸವದ ಸಭೆಗೆ ಬಂದಿಲ್ಲ. ನೇಮದ ದಿನ ದೈವ ಮೊದಲ ಬೂಳ್ಯದ ಪ್ರಸಾದ ಯಾರ ಕೈಗೆ ಕೊಡಬೇಕು ಎಂಬುದನ್ನೇ ತಲೆಮಾರುಗಟ್ಟಲೆ ಚರ್ಚಿಸುವ ಸೀಮೆ ನಮ್ಮದು. ಇಂಥಲ್ಲಿ ಅಚ್ಚಾದ ಪಟ್ಟಿಯೊಂದರಿಂದ ಒಂದು ಹೆಸರು ಬಿದ್ದುಹೋದರೆ ಅದನ್ನು ಮುದ್ರಣ ದೋಷ ಎಂದು ಯಾರಾದರೂ ಒಪ್ಪುತ್ತಾರೆಯೇ? ಉಳಿದ ಮೂರು ಗುತ್ತಿನವರು ಮಾತ್ರ ಸಂಚಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದಾರೆಂದು ಕೇಳಿದೆ.

ಬಿದ್ದುಹೋದ ಒಂದು ಪದದ ಬೆಲೆ ಏನೆಂಬುದನ್ನು ಮೂಡುಬಿದಿರೆಯವರಿಗೆ ನಾನು ಹೇಳಬೇಕಾಗಿಲ್ಲ. ಆದರೂ ತಮ್ಮ ಅಮೂಲ್ಯ ಸಮಯದಲ್ಲಿ ಒಂದೆರಡು ನಿಮಿಷ ಬೇಡುತ್ತೇನೆ. ಅಲ್ಲಿನ ಗುರುಬಸದಿಯಲ್ಲಿ ಧವಲ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳು ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಅವುಗಳ ನಕಲು, ನಕಲಿನ ನಕಲು ಗುಟ್ಟಾಗಿ ಉತ್ತರ ಭಾರತಕ್ಕೆ ಹೋದವು. ಹೀರಾಲಾಲ್ ಜೈನರು ಅಮರಾವತಿಯಲ್ಲಿ ಕುಳಿತು ಧವಲದ ಮೊದಲ ಸಂಪುಟವನ್ನು 1939ರಲ್ಲಿ ಅಚ್ಚು ಮಾಡಿಸಿದಾಗ ಅವರ ಕೈಯಲ್ಲಿದ್ದದ್ದು ಇಂಥ ನಕಲುಗಳು ಮಾತ್ರ. 93ನೇ ಸೂತ್ರಕ್ಕೆ ಬಂದಾಗ ಸಂಪಾದಕರಿಗೆ ಅನುಮಾನ ಹುಟ್ಟಿತು. ಇಲ್ಲಿ ‘ಸಂಜದ’, ಅಂದರೆ ಮುನಿ ಎಂಬರ್ಥದ ಪದವೊಂದು ಬಿಟ್ಟುಹೋಗಿರಬೇಕು, ಇಲ್ಲದಿದ್ದರೆ ಅರ್ಥ ಕೂಡುವುದಿಲ್ಲ ಎಂದು. ಅವರು ಅದನ್ನು ಅಡಿಟಿಪ್ಪಣಿಯಲ್ಲಿ ಕಾಣಿಸಿದರು. ಸ್ತ್ರೀಗೆ ಮುನಿಪದವಿ ಉಂಟೋ ಇಲ್ಲವೋ ಎಂಬ ತತ್ತ್ವವೇ ಆ ಪದದ ಮೇಲೆ ನಿಂತಂತಿದ್ದುದರಿಂದ ಪಂಡಿತರೊಳಗೆ ವರ್ಷಗಟ್ಟಲೆ ಜಗಳವಾಯಿತು. ಮುಂದೆ ಮೂಡುಬಿದಿರೆಯ ಓಲೆಗೆ ಹಿಡಿದು ನೋಡಿದಾಗ ಪದ ಅಲ್ಲೇ ಇತ್ತು. ನಕಲು ಮಾಡಿದವರ ಕಣ್ಣು ತಪ್ಪಿತ್ತು. ಹದಿನಾರು ಸಂಪುಟ ಮುಗಿಯುವಾಗ 1958 ಆಗಿತ್ತು. ಹತ್ತೊಂಬತ್ತು ವರ್ಷ! ತಾವಾಗಿದ್ದರೆ ಬ್ರಹ್ಮಕಲಶದ ಮುಹೂರ್ತದೊಳಗೆ ಮುಗಿಸುತ್ತಿದ್ದಿರಿ.

ಓಲೆ ಬರೆಯುವವರೂ ಕೊನೆಯಲ್ಲಿ ‘ಕಂಡಂತೆ ಬರೆದಿದ್ದೇನೆ, ದೋಷ ನನ್ನದಲ್ಲ’ ಎಂಬರ್ಥದ ಶ್ಲೋಕ ಸೇರಿಸುತ್ತಿದ್ದರು. ತಾವೂ ಆ ಪರಂಪರೆಯನ್ನು ಉಳಿಸಿಕೊಂಡಿದ್ದೀರಿ. ಲೇಖನಗಳಿಗೆ ಸಂಪಾದಕ ಮಂಡಳಿ ಹೊಣೆಯಲ್ಲ, ಲೋಪದೋಷಗಳಿದ್ದರೆ ಸಹೃದಯರು ಮನ್ನಿಸಬೇಕು ಎಂದು ಅರಿಕೆಯಲ್ಲೇ ಹಾಕಿದ್ದೀರಿ. ಆ ಓಲೆಕಾರರು ಒಂದು ಅಕ್ಷರಕ್ಕೆ ಒಮ್ಮೆ ಕಂಟ ಒತ್ತಿ, ಒಂದು ಗ್ರಂಥಕ್ಕೆ ವರ್ಷ ಸವೆಸಿದ ಮೇಲೆ ಕ್ಷಮೆ ಕೇಳುತ್ತಿದ್ದರು. ತಾವು ಮೊದಲೇ ಕೇಳಿಬಿಟ್ಟಿರಿ. ಎಷ್ಟು ಮುಂದಾಲೋಚನೆ!

ಬಿಡುಗಡೆಯ ಮುನ್ನಾದಿನ ರಾತ್ರಿ ಎರಡು ಗಂಟೆಗೆ ಅಚ್ಚು ಮುಗಿಯುತ್ತದೆ, ವೇದಿಕೆಯ ಗಣ್ಯರಿಗಾಗುವಷ್ಟು ಪ್ರತಿ ಮಾತ್ರ ರಿಬ್ಬನ್ ಕಟ್ಟಿಕೊಂಡು ಬರುತ್ತದೆ, ಅದರಲ್ಲಿ ಪ್ರೂಫ್ ನೋಡಲು ಪುರುಸೊತ್ತು ಎಲ್ಲಿ ಮಾರಾಯ್ರೆ ಎಂದು ತಮ್ಮಲ್ಲೊಬ್ಬರು ನನ್ನೊಡನೆ ಅಂದದ್ದುಂಟು. ಅವರ ಮಾತನ್ನು ನಂಬಿದ್ದೆ. ಆದರೆ ಜಾಹೀರಾತು ಪುಟಗಳನ್ನು ನೋಡಿದ ಮೇಲೆ ನಂಬಿಕೆ ಅಲುಗಾಡಿತು. ಅಡಿಕೆ ವ್ಯಾಪಾರಿ, ಚಿನ್ನದಂಗಡಿ, ಶಾಮಿಯಾನ, ಜೆಸಿಬಿ ಬಾಡಿಗೆ, ಕ್ಯಾಟರಿಂಗ್, ಹಿಂಬದಿ ರಕ್ಷಾಪುಟದ ಬಿಲ್ಡರು, ಎಲ್ಲ ಸೇರಿ ಅರ್ಧ ಪುಸ್ತಕ. ಹುಡುಕಿ ನೋಡಿದೆ, ಒಂದು ಫೋನ್ ನಂಬರು ತಪ್ಪಿಲ್ಲ! ಪ್ರೊಪ್ರೈಟರ ಹೆಸರಿನ ಇನಿಷಿಯಲ್ ಸಮೇತ ಸರಿ. ವಿಚಾರಿಸಿದಾಗ ತಿಳಿಯಿತು, ಜಾಹೀರಾತಿನ ಪ್ರೂಫನ್ನು ಪ್ರತಿಯೊಬ್ಬರಿಗೂ ಕಳಿಸಿ, ‘ಓಕೆ’ ಎಂದು ಬರೆಯಿಸಿಕೊಂಡು, ತಿದ್ದಿ, ಮತ್ತೆ ಕಳಿಸಿ ನೋಡುತ್ತೀರಂತೆ. ನಂಬರು ತಪ್ಪಿದರೆ ಹಣ ಬರುವುದಿಲ್ಲವಲ್ಲ. ಅಂದರೆ ತಮ್ಮಲ್ಲಿ ಕರಡು ತಿದ್ದುವ ಕಲೆ ಸತ್ತಿಲ್ಲ. ಅದಕ್ಕೆ ಪುಟದ ದರ ನಿಗದಿಯಾಗಿದೆ, ಅಷ್ಟೆ.

ಆದ್ದರಿಂದ ತಮ್ಮಲ್ಲಿ ನನ್ನದೊಂದು ವಿನಮ್ರ ಬಿನ್ನಹ. ಮುಂದಿನ ಸಂಚಿಕೆಯಲ್ಲಿ ನನಗೂ ಕಾಲು ಪುಟದ ಜಾಹೀರಾತು ಬೇಕಾಗಿದೆ. ಕಪ್ಪು-ಬಿಳುಪು ಸಾಕು, ಫೋಟೋ ಬೇಡ. ಅದರಲ್ಲಿ ಎರಡೇ ಸಾಲು ಬರಬೇಕು. ಮೊದಲ ಸಾಲಿನಲ್ಲಿ ವೇಣೂರಿನ ಬಾಹುಬಲಿ, 1604. ಎರಡನೇ ಸಾಲಿನಲ್ಲಿ ಊರಿನ ನಾಲ್ಕು ಗುತ್ತುಗಳ ಹೆಸರು, ನಾಲ್ಕೂ. ದರ ಎಷ್ಟೆಂದು ತಿಳಿಸಿದರೆ ಮುಂಗಡ ಕಳಿಸುತ್ತೇನೆ. ಪ್ರೂಫ್ ಕಳಿಸಲು ಮರೆಯಬೇಡಿ.

ತಮ್ಮ ವಿಧೇಯ,
ಸಂಚಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದ ಒಬ್ಬ ಓದುಗ