ಸದ್ದಿಲ್ಲದ ಸುರಕ್ಷತೆ

ಸುರಕ್ಷತೆ ಎಂದರೆ ನೆಮ್ಮದಿ, ನೆಮ್ಮದಿ ಎಂದರೆ ನಿಶ್ಶಬ್ದ. ಈ ಸರಳ ಸತ್ಯವನ್ನು ಬೆಂಗಳೂರಿನ ಬಹುಮಹಡಿ ಕಟ್ಟಡಗಳು ಅರಿತಷ್ಟು ಚೆನ್ನಾಗಿ ಬೇರೆ ಯಾರೂ ಅರಿತಂತಿಲ್ಲ. ಹೊಗೆ ಕಂಡರೆ ಕೂಗಬೇಕೆಂದು ಮಾಡಿಟ್ಟ ಯಂತ್ರವನ್ನು ಛಾವಣಿಗೆ ಕೂರಿಸಿ, ಅದು ಎಂದೆಂದೂ ಕೂಗದಂತೆ ನೋಡಿಕೊಳ್ಳುವುದು ಸುಮ್ಮನೆ ಬರುವ ವಿದ್ಯೆಯಲ್ಲ. ಅದಕ್ಕೆ ಬಿಲ್ಡರ್, ಪೇಂಟರ್, ಸೆಕ್ಯೂರಿಟಿ, ನಿರ್ವಹಣೆಯ ಗುತ್ತಿಗೆದಾರ, ನಿವಾಸಿಗಳ ಸಂಘ ಎಲ್ಲರೂ ಒಂದೇ ಮನಸ್ಸಿನಿಂದ ದುಡಿಯಬೇಕು. ಕನಕಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟ್ ಇದನ್ನು ಸಾಧಿಸಿದೆ. ಈ ಸಾಧನೆ ಪಕ್ಕದ ಅಪಾರ್ಟ್‌ಮೆಂಟಿನವರಿಗೂ ಮಾದರಿಯಾಗಲಿ ಎಂಬ ಒಂದೇ ಆಸೆಯಿಂದ ಈ ಮಾತು ಬರೆಯುತ್ತಿದ್ದೇನೆ.

ಮೊದಲು ಬಿಲ್ಡರಿಗೆ ಸಲ್ಲಬೇಕಾದದ್ದು ಸಲ್ಲಲಿ. ಹದಿನೈದು ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು ಬಹುಮಹಡಿ ಎಂದು ಕರೆಯುವ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ, ತನ್ನ ನಾಲ್ಕನೆಯ ಭಾಗವನ್ನು ಪೂರ್ತಿಯಾಗಿ ಬೆಂಕಿಗೇ ಮೀಸಲಿಟ್ಟಿದೆ. ಡಿಟೆಕ್ಟರುಗಳನ್ನು ಎಲ್ಲಿ ಹಾಕಬೇಕು, ಹೇಗೆ ನೋಡಿಕೊಳ್ಳಬೇಕು ಎಂದು ಹೇಳಲು ಐಎಸ್ 2189 ಎಂಬ ಇನ್ನೊಂದು ಪುಸ್ತಕವೇ ಇದೆ. ನಮ್ಮ ಬಿಲ್ಡರ್ ಈ ಎರಡರ ಅಕ್ಷರಕ್ಕೂ ಚ್ಯುತಿ ಬಾರದಂತೆ, ನಕ್ಷೆಯಲ್ಲಿ ಎಷ್ಟು ದುಂಡು ಗುರುತುಗಳಿದ್ದವೋ ಅಷ್ಟೂ ಡಿಟೆಕ್ಟರ್ ಹಾಕಿಸಿದರು. ಲಾಬಿಯದನ್ನು ಎಸಿ ಗಾಳಿ ಬರುವ ಜಾಲರಿಯ ಬಾಯಿಗೇ ಹಾಕಿಸಿದರು. ಹೊಗೆ ಹತ್ತಿರ ಸುಳಿಯುವ ಮೊದಲೇ ತಣ್ಣನೆಯ ಗಾಳಿ ಅದನ್ನು ಆಚೆ ತಳ್ಳಿಬಿಡುತ್ತದೆ. ಕಾರಿಡಾರಿನದನ್ನು ಎರಡು ತೊಲೆಗಳ ನಡುವೆ ಯಾರ ಕಣ್ಣಿಗೂ ಬೀಳದ ಮೂಲೆಗೆ ಸೇರಿಸಿದರು.

ಫಾಲ್ಸ್ ಸೀಲಿಂಗಿನ ಮೇಲಿನ ವ್ಯವಸ್ಥೆಯನ್ನಂತೂ ಎಷ್ಟು ಹೊಗಳಿದರೂ ಸಾಲದು. ಅಟ್ಟದೊಳಗೆ ಕೇಬಲ್ಲುಗಳು ಹಾಯುವ ಕಡೆ ಡಿಟೆಕ್ಟರ್ ಇಟ್ಟಾಗ ಅದು ಕೆಳಗಿನವರಿಗೆ ಕಾಣುವುದಿಲ್ಲವಾದ್ದರಿಂದ, ಸೀಲಿಂಗಿನ ಕೆಳಗೆ ಕೆಂಪು ದೀಪದ ಒಂದು ಪುಟ್ಟ ಸೂಚಕ ಹಾಕುವ ಪದ್ಧತಿ ಇದೆ. ನಮ್ಮಲ್ಲಿ ಆ ಸೂಚಕಗಳು ಸಾಲಾಗಿ, ಅಚ್ಚುಕಟ್ಟಾಗಿ ಇವೆ. ನೀರು ಸೋರುತ್ತದೆಂದು ಒಮ್ಮೆ ಹಲಗೆ ಬಿಚ್ಚಿಸಿದಾಗ ಮೇಲೆ ಡಿಟೆಕ್ಟರ್ ಇರಲಿಲ್ಲ. ಎರಡು ವೈರುಗಳು ಒಂದಕ್ಕೊಂದು ಸುತ್ತಿಕೊಂಡು ಸುಖವಾಗಿದ್ದವು.

ಇನ್ನು ಆ ಕಿತ್ತಳೆ ಬಣ್ಣದ ಟೊಪ್ಪಿ. ಕಟ್ಟಡದ ಕೆಲಸ ನಡೆಯುವಾಗ ಸಿಮೆಂಟಿನ ದೂಳು ಒಳಗೆ ಹೋಗದಿರಲೆಂದು ಪ್ರತಿ ಡಿಟೆಕ್ಟರಿಗೂ ಕಂಪನಿಯವರೇ ಒಂದು ಪ್ಲಾಸ್ಟಿಕ್ ಕವರ್ ತೊಡಿಸಿ ಕಳಿಸಿರುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಬೇಕಂತೆ. ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ಕನ್ನು ಅದು ತಾನಾಗಿ ಹರಿದುಹೋಗುವವರೆಗೆ ಕಾಪಾಡುವ ಜನ ನಾವು. ದುಡ್ಡು ಕೊಟ್ಟು ತಂದ ವಸ್ತುವನ್ನು ಹಾಗೆ ದೂಳಿಗೆ ಒಡ್ಡುತ್ತೇವೆಯೇ? ನಮ್ಮ ಕಟ್ಟಡದ ಮೇಲಿನ ಮಹಡಿಗಳಲ್ಲಿ ಟೊಪ್ಪಿಗಳು ಇಂದಿಗೂ ಹೊಸದರಂತೆ ಹೊಳೆಯುತ್ತಿವೆ. ಒಳಗಿರುವ ಯಂತ್ರ ಈವರೆಗೆ ದೂಳಿನ ಒಂದು ಕಣವನ್ನೂ ಕಂಡಿಲ್ಲ, ಹೊಗೆಯ ಒಂದು ಎಳೆಯನ್ನೂ ಕಂಡಿಲ್ಲ.

ಕೆಳಗಿನ ಮಹಡಿಗಳಲ್ಲಿ ಯಾರೋ ಅವಸರಗೇಡಿಗಳು ಟೊಪ್ಪಿ ತೆಗೆದುಬಿಟ್ಟಿದ್ದರು. ಅದರಿಂದಾದ ತೊಂದರೆ ಅಷ್ಟಿಷ್ಟಲ್ಲ. ಈ ಯಂತ್ರದ ಹೊಟ್ಟೆಯೊಳಗೆ ಒಂದು ಕತ್ತಲೆಯ ಗೂಡಿದೆ. ಅದರಲ್ಲಿ ಕಣ್ಣಿಗೆ ಕಾಣದ ಬೆಳಕು ಬೀರುವ ಒಂದು ಎಲ್‌ಇಡಿ, ಆ ಬೆಳಕು ನೇರವಾಗಿ ಬೀಳದಂತೆ ಓರೆಯಾಗಿ ಕೂತ ಒಂದು ಬೆಳಕಿನ ಸಂವೇದಕ. ಹೊಗೆ ಒಳಗೆ ಹೊಕ್ಕರೆ ಅದರ ಕಣಗಳಿಗೆ ತಾಗಿ ಬೆಳಕು ಚೆದರುತ್ತದೆ, ಚೆದರಿದ್ದು ಸಂವೇದಕಕ್ಕೆ ಬೀಳುತ್ತದೆ, ಯಂತ್ರ ಪ್ಯಾನೆಲ್ಲಿಗೆ ಸುದ್ದಿ ಮುಟ್ಟಿಸುತ್ತದೆ, ಹೂಟರ್ ಕೂಗುತ್ತದೆ. ಇದರಲ್ಲಿ ವಿವೇಕವೆಂಬುದು ಎಲ್ಲಿದೆ ಹೇಳಿ? ದೂಳು ಬಿದ್ದರೂ ಬೆಳಕು ಚೆದರುತ್ತದೆ, ಜೇಡ ಗೂಡು ಕಟ್ಟಿದರೂ ಚೆದರುತ್ತದೆ. ಆದ್ದರಿಂದಲೇ ಅಡುಗೆಮನೆಗೆ ಹೊಗೆಯದು ಬೇಡ, ಶಾಖಕ್ಕೆ ಸ್ಪಂದಿಸುವ ಡಿಟೆಕ್ಟರ್ ಹಾಕಿ ಎನ್ನುತ್ತಾರೆ. ನಮ್ಮಲ್ಲಿ ಅಂಥ ಭೇದಭಾವ ಮಾಡಿರಲಿಲ್ಲ. ಎರಡನೆಯ ಮಹಡಿಯ ಗೃಹಪ್ರವೇಶದ ಗಣಹೋಮಕ್ಕೆ ಅದು ಪೂರ್ಣಾಹುತಿಯವರೆಗೂ ಕಾಯಲಿಲ್ಲ. ಮೂರನೆಯ ಮಹಡಿಯವರು ಬ್ಯಾಡಗಿ ಮೆಣಸಿನಕಾಯಿ ಹುರಿದಾಗ ಪಾರ್ಕಿಂಗಿನವರೆಗೂ ಕೂಗಿ ಇಡೀ ಬ್ಲಾಕಿನ ಮುಂದೆ ಅವರ ಮಾನ ಕಳೆಯಿತು. ಸೊಳ್ಳೆಗೆ ಫಾಗಿಂಗ್ ಮಾಡಿದ ಸಂಜೆ ಹೇಗಿತ್ತೆಂದು ಕೇಳಲೇಬೇಡಿ.

ಬೇರೆ ಕಡೆಯವರಾಗಿದ್ದರೆ ಡಿಟೆಕ್ಟರ್ ಬಿಚ್ಚಿ ಶುಚಿ ಮಾಡಿಸುತ್ತಿದ್ದರು, ಅಡುಗೆಮನೆಯದನ್ನು ಬದಲಾಯಿಸುತ್ತಿದ್ದರು. ಅದಕ್ಕೆಲ್ಲ ಖರ್ಚಿದೆ. ನಮ್ಮ ಸಮಿತಿ ಎರಡು ಮಾರ್ಗ ಕಂಡುಕೊಂಡಿತು. ಒಂದು, ಕಟ್ಟಡಕ್ಕೆ ಬಣ್ಣ ಹೊಡೆಸುವಾಗ ಪೇಂಟರಿಗೆ ಛಾವಣಿಯನ್ನೂ ಅದರ ಮೇಲಿರುವುದನ್ನೂ ಒಂದೇ ಕಣ್ಣಿನಿಂದ ನೋಡಲು ಬಿಟ್ಟಿತು. ಈಗ ಡಿಟೆಕ್ಟರಿನ ಜಾಲರಿಯ ಮೇಲೆ ಎರಡು ಕೋಟ್ ಐವರಿ ಬಣ್ಣ ಕೂತು, ಅದು ಯಾವುದು, ಸೀಲಿಂಗ್ ಯಾವುದು ಎಂದು ಬೆರಳಿಟ್ಟು ಹೇಳುವುದು ಕಷ್ಟ. ಎರಡು, ಅಷ್ಟಾದರೂ ಬಗ್ಗದವುಗಳನ್ನು ಪ್ಯಾನೆಲ್ಲಿನಲ್ಲೇ ಐಸೊಲೇಟ್ ಮಾಡಿಸಿತು. ಒಂದು ಗುಂಡಿ ಒತ್ತಿದರೆ ಆ ಝೋನೇ ಲೆಕ್ಕಕ್ಕಿಲ್ಲ. ಮೊದಲು ಎರಡನೆಯ ಮಹಡಿ, ಆಮೇಲೆ ಮೂರು, ಆಮೇಲೆ ನಾಲ್ಕನೆಯ ಮಹಡಿಯವರು ನಮಗೇಕೆ ಈ ಸೌಲಭ್ಯವಿಲ್ಲ ಎಂದು ಜಗಳ ತೆಗೆದದ್ದರಿಂದ ಅದೂ ಸೇರಿತು.

ಪ್ಯಾನೆಲ್ ಇರುವುದು ನೆಲಮಹಡಿಯ ಸೆಕ್ಯೂರಿಟಿ ಕೋಣೆಯಲ್ಲಿ, ಕೊರಿಯರ್ ಡಬ್ಬಗಳ ಹಿಂದೆ. ಅದರ ಬಝರ್‌ಗೆ ಹತ್ತಿ ತುರುಕಿ ಟೇಪು ಸುತ್ತಿದ್ದಾರೆ. ಅದರಲ್ಲಿ ಉರಿಯುತ್ತಿದ್ದ ಹಳದಿ ದೀಪ ನೋಡಿ ಏಳನೆಯ ಮಹಡಿಯ ಮೇಡಂ ಕಾವಲಿನವನನ್ನು ಕೇಳಿದರು:

"ಇದೇನಪ್ಪಾ ಹಳದಿ ಲೈಟು?"

"ಅದು ಫಾಲ್ಟ್ ಮೇಡಂ. ಯಾವಾಗಲೂ ಇರ್ತದೆ."

"ಯಾವಾಗಲೂ ಇರುತ್ತಾ? ಇಲ್ಲದೇ ಇರೋದೇ ಇಲ್ವಾ?"

"ಇಲ್ಲದೇ ಹೋದ್ರೆ ಕರೆಂಟ್ ಹೋಗಿದೆ ಅಂತ ಅರ್ಥ ಮೇಡಂ."

ಇಂಥ ತಿಳಿವಳಿಕೆ ತರಬೇತಿಯಿಂದ ಬರುವುದಲ್ಲ. ಕರೆಂಟ್ ಹೋದಾಗಲೂ ಪ್ಯಾನೆಲ್ ನಡೆಯಲೆಂದು ಅದರ ಹೊಟ್ಟೆಯಲ್ಲಿ ಹನ್ನೆರಡು ವೋಲ್ಟಿನ ಎರಡು ಬ್ಯಾಟರಿಗಳನ್ನು ಜೋಡಿಸಿ ಇಪ್ಪತ್ನಾಲ್ಕು ವೋಲ್ಟ್ ಮಾಡಿರುತ್ತಾರೆ. ನಮ್ಮದರಲ್ಲಿ ಒಂದು ಬ್ಯಾಟರಿ ಊದಿಕೊಂಡು ವಿಶ್ರಾಂತಿಯಲ್ಲಿದೆ. ಇನ್ನೊಂದಕ್ಕೆ ಗೇಟಿನ ಬೂಮ್ ಬ್ಯಾರಿಯರಿಗೆ ವರ್ಗವಾಗಿದೆ. ಬೆಂಕಿ ಅಪರೂಪದ ಅತಿಥಿ, ಸ್ವಿಗ್ಗಿ ಹುಡುಗರು ದಿನಾ ಬರುವವರು. ಸಂಪನ್ಮೂಲವನ್ನು ಎಲ್ಲಿ ಬಳಸಬೇಕೆಂಬುದು ಸಮಿತಿಗೆ ಚೆನ್ನಾಗಿ ಗೊತ್ತು.

ಈಗ ವಾರ್ಷಿಕ ನಿರ್ವಹಣೆಯ ಮಾತು. ಮೂರು ಕೊಟೇಶನ್ ತರಿಸಿ, ಅತಿ ಕಡಿಮೆಯದಕ್ಕಿಂತಲೂ ಕಡಿಮೆಗೆ ಇಳಿಸಿ ಎಎಂಸಿ ಕೊಟ್ಟಿದ್ದೇವೆ. ಪರೀಕ್ಷೆ ಮಾಡುವ ಕ್ರಮ ಬಲ್ಲವರಿಗೆ ಗೊತ್ತಿರುವಂಥದ್ದೇ. ಉದ್ದನೆಯ ಕೋಲಿನ ತುದಿಗೆ ಬಟ್ಟಲೊಂದನ್ನು ಸಿಕ್ಕಿಸಿ, ಡಿಟೆಕ್ಟರಿಗೆ ಮುಚ್ಚಿ, ಕ್ಯಾನಿನಿಂದ ಪರೀಕ್ಷೆಯ ಹೊಗೆ ಬಿಡಬೇಕು. ಡಿಟೆಕ್ಟರಿನ ಕೆಂಪು ದೀಪ ಹತ್ತಿತೇ, ಪ್ಯಾನೆಲ್ಲಿನಲ್ಲಿ ಅದೇ ಝೋನ್ ತೋರಿಸಿತೇ, ಬಾಗಿಲು ಹಾಕಿಕೊಂಡು ಮಲಗಿದವರಿಗೂ ಹೂಟರ್ ಕೇಳಿಸಿತೇ ಎಂದು ಒಂದೊಂದನ್ನೂ ನೋಡಬೇಕು. ಬರಿಯ ಗುಂಡಿ ಒತ್ತಿದರೆ ವೈರು ಸರಿಯಿದೆಯೆಂದು ತಿಳಿಯಬಹುದೇ ಹೊರತು ಜಾಲರಿಯೊಳಗೆ ಹೊಗೆ ಹೋಗುತ್ತದೆಯೇ ಎಂದು ತಿಳಿಯುವುದಿಲ್ಲ. ಹದಿನಾಲ್ಕು ಮಹಡಿಗೆ ಹೀಗೆ ಕೋಲು ಹಿಡಿದು ಓಡಾಡಿದರೆ ದಿನಗಟ್ಟಲೆ ಬೇಕು. ನಮ್ಮ ಟೆಕ್ನಿಷಿಯನ್ ಬಂದವನೇ ಕುರ್ಚಿ ಎಳೆದುಕೊಂಡು ರಿಜಿಸ್ಟರ್ ಕೇಳುತ್ತಾನೆ. ಕಾಫಿ ಆರುವುದರೊಳಗೆ ಎಲ್ಲ ಡಿಟೆಕ್ಟರುಗಳೂ 'ಓಕೆ'.

ಆ ರಿಜಿಸ್ಟರನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಕಾಲಂ ತಪ್ಪಿಲ್ಲ, ಕಾಟು ಹೊಡೆದಿಲ್ಲ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಪೆನ್ನು. ಸೀಲಿಂಗ್ ಬಿಚ್ಚಿದಾಗ ಇಲ್ಲವೆಂದು ಗೊತ್ತಾದ ಡಿಟೆಕ್ಟರುಗಳೂ ಅದರಲ್ಲಿ ಸುಸ್ಥಿತಿಯಲ್ಲಿವೆ. ಫೆಬ್ರವರಿ 30ರ ತಪಾಸಣೆಯೂ ದಾಖಲಾಗಿದೆ. ಕ್ಯಾಲೆಂಡರಿನಲ್ಲಿಲ್ಲದ ದಿನವೂ ನಮಗಾಗಿ ದುಡಿದವರಿಗೆ ಸಮಿತಿ ಬಿಲ್ಲು ಪಾಸು ಮಾಡದೆ ಇರುವುದಾದರೂ ಹೇಗೆ?

ಹತ್ತನೆಯ ಮಹಡಿಯ ರಾಯರಿಗೆ ಅಮೆರಿಕದಲ್ಲಿರುವ ಮಗ ಬ್ಯಾಟರಿಯ ಒಂದು ಅಲಾರಂ ತಂದುಕೊಟ್ಟಿದ್ದ. ಅಲ್ಲಿ ಮನೆಯ ಅಲಾರಮ್ಮನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕಂತೆ, ಹತ್ತು ವರ್ಷವಾಯಿತೆಂದರೆ ಅದು ಕೆಲಸ ಮಾಡುತ್ತಿದ್ದರೂ ತೆಗೆದು ಹೊಸದು ಹಾಕಬೇಕಂತೆ. ಹಿರಿಯರನ್ನು ನಡೆಸಿಕೊಳ್ಳುವ ರೀತಿಯೇ ಇದು? ರಾಯರ ಅಲಾರಂ ಬ್ಯಾಟರಿ ಇಳಿದಾಗ ನಿಮಿಷಕ್ಕೊಮ್ಮೆ 'ಚಿಂವ್' ಎನ್ನತೊಡಗಿತು. ಹಲ್ಲಿ ಎಂದು ಕೆಲವು ದಿನ ಹುಡುಕಿದರು. ವಿಷಯ ತಿಳಿದ ಮೇಲೆ ಬ್ಯಾಟರಿ ಕಿತ್ತು ಶೂ ಸ್ಟ್ಯಾಂಡಿನ ಕೆಳಖಾನೆಯಲ್ಲಿಟ್ಟರು. ಮಗ ವಿಡಿಯೋ ಕಾಲ್ ಮಾಡಿದಾಗ ಮಾತ್ರ ಅದು ಗೋಡೆಗೆ ಬರುತ್ತದೆ.

ಮೆಟ್ಟಿಲ ತಿರುವಿನಲ್ಲಿ ಡಿಟೆಕ್ಟರಿನ ಅಡಿಯಲ್ಲೇ ನಿಂತು ಸಿಗರೇಟು ಸೇದುವ ಹುಡುಗರ ಮೇಲೆ ಕೆಲವರಿಗೆ ಸಿಟ್ಟಿದೆ. ಇತಿಹಾಸ ತಿಳಿಯದ ಸಿಟ್ಟು ಅದು. 1930ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ವಾಲ್ಟರ್ ಯೇಗರ್ ವಿಷಾನಿಲ ಪತ್ತೆ ಮಾಡುವ ಯಂತ್ರ ಮಾಡಹೊರಟಿದ್ದ. ಅನಿಲಕ್ಕೆ ಯಂತ್ರ ಮಿಸುಕಲಿಲ್ಲ. ಬೇಸರದಿಂದ ಸಿಗರೇಟು ಹಚ್ಚಿದಾಗ ಅದರ ಹೊಗೆಗೆ ಮೀಟರಿನ ಮುಳ್ಳು ಅಲುಗಿತು ಎಂದು ಈ ಯಂತ್ರದ ಜನ್ಮಕಥೆ ಹೇಳುತ್ತದೆ. ಹುಡುಗರು ಮೂಲಪುರುಷನಿಗೆ ಧೂಪ ಹಾಕುತ್ತಿದ್ದಾರೆ ಅಷ್ಟೆ. ನಮ್ಮ ಯಂತ್ರ ಅದನ್ನು ಮೌನವಾಗಿ ಸ್ವೀಕರಿಸುತ್ತದೆ.

ಅಣಕು ಕಾರ್ಯಾಚರಣೆಯನ್ನೂ ನಾವು ತಪ್ಪಿಸಿಲ್ಲ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಿಸಿ ಬೆಂಕಿ ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯೂ ಪ್ರಾಣ ಕೊಟ್ಟರು. ಆ ನೆನಪಿಗೆ ದೇಶದಲ್ಲಿ ಪ್ರತಿವರ್ಷ ಆ ದಿನದಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ನಮ್ಮಲ್ಲೂ ಅಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ ಬರುತ್ತದೆ: 'ಬೆಳಿಗ್ಗೆ ಹನ್ನೊಂದಕ್ಕೆ ಅಲಾರಂ ಆಗಲಿದೆ. ಯಾರೂ ಗಾಬರಿಯಾಗಬೇಡಿ. ಕೆಳಗಿಳಿದು ಬರುವ ಅಗತ್ಯವಿಲ್ಲ.' ಹನ್ನೊಂದಕ್ಕೆ ಸರಿಯಾಗಿ ಸೆಕ್ಯೂರಿಟಿಯವನು ಸೀಟಿ ಊದುತ್ತಾನೆ. ಸಮಿತಿಯವರು ಕೆಂಪು ಸಿಲಿಂಡರ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಇಡ್ಲಿ, ವಡೆ.

ಇಷ್ಟೆಲ್ಲ ಚೆನ್ನಾಗಿ ನಡೆದಿರುವಾಗ ಆ ಏಳನೆಯ ಮಹಡಿಯ ಮೇಡಂ ಪ್ರತಿ ಸಭೆಯಲ್ಲೂ ಎದ್ದು ನಿಲ್ಲುತ್ತಾರೆ. 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು, ಅಲ್ಲಿ ಜನರನ್ನು ಕಂಗೆಡಿಸಿದ್ದು ಹೊಗೆ, ಉಸಿರು ಕಟ್ಟಿ ಕಿಟಕಿಯಿಂದ ಜಿಗಿದವರೂ ಇದ್ದರು ಎನ್ನುತ್ತಾರೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಸಿನಿಮಾ ನೋಡುತ್ತಿದ್ದ 59 ಜನ ಸತ್ತದ್ದೂ ಹೊಗೆಯಿಂದಲೇ ಎನ್ನುತ್ತಾರೆ. ಮಲಗಿದವರ ಮೂಗಿಗೆ ಎಚ್ಚರಿಸುವ ಶಕ್ತಿ ಇಲ್ಲ, ಕಿವಿಗೆ ಇದೆ, ಅದಕ್ಕೇ ಈ ಯಂತ್ರ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಸಭೆಯ ಮೂಡು ಕೆಡುತ್ತದೆ. ಖಜಾಂಚಿಯವರು ಸಮಾಧಾನದಿಂದಲೇ ಉತ್ತರಿಸಿದರು: "ಮೇಡಂ, ನೀವು ತುಂಬಾ ನೆಗೆಟಿವ್ ಆಗಿ ಯೋಚಿಸ್ತೀರಿ. ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ ಏನಾದ್ರೂ ಆಗಿದೆಯಾ?"

ಹೋದ ಮಳೆಗಾಲದಲ್ಲಿ ಬಿ ಬ್ಲಾಕಿನ ಮೀಟರ್ ಕೋಣೆಯಲ್ಲಿ ಕೇಬಲ್ ಸುಟ್ಟು, ಹೊಗೆ ಡಕ್ಟ್ ಹಿಡಿದು ಐದನೆಯ ಮಹಡಿಯವರೆಗೆ ಹತ್ತಿದ್ದನ್ನು ಮೇಡಂ ಎತ್ತಿದರು. ಅಧ್ಯಕ್ಷರು ಅದನ್ನೂ ಒಪ್ಪಲಿಲ್ಲ. ಅಲಾರಂ ಆಗಿಲ್ಲವೆಂದ ಮೇಲೆ ಅದು ಬೆಂಕಿ ಹೇಗಾಗುತ್ತದೆ? ಹಾಲು ಹಾಕುವ ಹುಡುಗ ನೋಡಿ ಮೇನ್ ಆಫ್ ಮಾಡಿಸಿದ್ದ. ಸುರಕ್ಷತೆಯಲ್ಲಿ ಸಮುದಾಯದ ಸಹಭಾಗಿತ್ವ ಎಂದು ಅದನ್ನು ವಾರ್ಷಿಕ ವರದಿಯಲ್ಲಿ ಸೇರಿಸಲಾಯಿತು. ಡಿಟೆಕ್ಟರುಗಳ ದುರಸ್ತಿಯ ವಿಷಯ ಮುಂದಿನ ವರ್ಷಕ್ಕೆ ಹೋಯಿತು. ಲಾಬಿಗೆ ಇಟಾಲಿಯನ್ ಮಾರ್ಬಲ್ ಹಾಕಿಸುವುದು ಚಪ್ಪಾಳೆಯೊಂದಿಗೆ ಪಾಸಾಯಿತು.

ಕೊನೆಯದಾಗಿ ಸಮಿತಿಯ ಪರವಾಗಿ ನಿವಾಸಿಗಳಲ್ಲಿ ಒಂದು ವಿನಂತಿ. ಬರುವ ಗುರುವಾರ ಅಗ್ನಿಸುರಕ್ಷತೆಯ ತಪಾಸಣೆಗೆ ಅಧಿಕಾರಿಗಳು ಬರಲಿದ್ದಾರೆ. ಅಂದು ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಡಿಟೆಕ್ಟರುಗಳ ಟೊಪ್ಪಿ ತೆಗೆದು, ಬ್ಯಾರಿಯರಿನ ಬ್ಯಾಟರಿ ಬಿಚ್ಚಿ ತಂದು ಪ್ಯಾನೆಲ್ಲಿಗೆ ಹಾಕಿ, ವ್ಯವಸ್ಥೆಯನ್ನು ಚಾಲೂ ಇಡಲಾಗುವುದು. ಆ ಎರಡು ಗಂಟೆ ಯಾರೂ ಒಗ್ಗರಣೆ ಹಾಕಬಾರದು, ಊದುಬತ್ತಿ ಹಚ್ಚಬಾರದು. ಬೆಂಕಿ ಬೀಳುವುದೇ ಇದ್ದರೆ ಅದೇ ಅವಧಿಯಲ್ಲಿ ಬೀಳಲಿ, ಆಗ ನಾವು ಸಂಪೂರ್ಣ ಸನ್ನದ್ಧರಾಗಿರುತ್ತೇವೆ. ಉಳಿದ ಹೊತ್ತಿನಲ್ಲಿ ಹೊಗೆ ಕಂಡವರು ಖುದ್ದಾಗಿ ಕೂಗಿಕೊಳ್ಳತಕ್ಕದ್ದು, ಮತ್ತು 101 ಅಥವಾ 112ಕ್ಕೆ ತಾವೇ ಫೋನ್ ಮಾಡತಕ್ಕದ್ದು.